ಕಣ್ಣಿನೊಳಗನ್ನು ಕಂಡ ಬಗೆ

ಕೆಲವು ತಿಂಗಳ ಹಿಂದೆ ನಮ್ಮ ಹಿರಿಯ ಮಿತ್ರರೊಬ್ಬರು ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದಾಗ ಅವರ ಬಲಗಣ್ಣಿನ ಒಂದು ಮೂಲೆಯಲ್ಲಿ ಕಪ್ಪು ತೆರೆಯೊಂದು ಮೆಲ್ಲಗೆ ಇಳಿಯತೊಡಗಿತು. ಮರುದಿನದ ಹೊತ್ತಿಗೆ ಪುಟದ ಅರ್ಧವೇ ಕಾಣದಾಯಿತು. ರೆಟಿನಾ ಎಂದು ವೈದ್ಯರು ಕರೆಯುವ ಅಕ್ಷಿಪಟಲವು ಹರಿದು ತನ್ನ ನೆಲೆಯಿಂದ ಕಳಚಿಕೊಂಡಿತ್ತು. ಶಸ್ತ್ರಕ್ರಿಯೆಯಾಯಿತು, ಕಣ್ಣಿನೊಳಗೆ ಅನಿಲದ ಗುಳ್ಳೆಯೊಂದನ್ನು ತುಂಬಿ, ಅವರನ್ನು ಹಲವು ದಿನ ಬೋರಲಾಗಿ ಮಲಗಿಸಿದರು. ನಾವು ನೋಡಲು ಹೋದಾಗ ಅವರು ದಿಂಬಿನಲ್ಲಿ ಮುಖವಿಟ್ಟುಕೊಂಡೇ ನಮ್ಮನ್ನು ಕೇಳಿದರು: “ಅಲ್ಲ ಸ್ವಾಮಿ, ಈ ಕಣ್ಣಿನಿಂದ ನಾನು ಐವತ್ತು ವರ್ಷ ಲೋಕವನ್ನೆಲ್ಲ ನೋಡಿದೆ. ಇದರೊಳಗೆ ಏನಿದೆ ಎಂಬುದನ್ನು ಅವರು ನೋಡಿದ್ದು ಹೇಗೆ? ನೀವು ಇತಿಹಾಸದ ಮೇಷ್ಟ್ರು, ಹೇಳಿ ನೋಡೋಣ.”

ವೈದ್ಯಶಾಸ್ತ್ರದಲ್ಲಿ ನಮಗೆ ಅಧಿಕಾರವಿಲ್ಲ. ಆದರೆ ಪ್ರಶ್ನೆ ಇತಿಹಾಸದ್ದೇ ಆಗಿತ್ತು. ಅಂದು ಅವರಿಗೆ ಅರ್ಧಮರ್ಧವಾಗಿ ಕೊಟ್ಟ ಉತ್ತರವನ್ನು ಈಗ ಶ್ರೋತೃಗಳ ಮುಂದೆ ಸ್ವಲ್ಪ ವಿಸ್ತರಿಸಿ ಹೇಳುತ್ತೇವೆ.

ಕಣ್ಣಿನ ನಡುವಣ ಪಾಪೆ ಕಪ್ಪಾಗಿ ಕಾಣುವುದೇಕೆ? ಒಳಗೆ ಕಪ್ಪು ಬಣ್ಣವಿರುವುದರಿಂದ ಎಂದು ಬಹುಕಾಲ ಬಲ್ಲವರೂ ನಂಬಿದ್ದರು. ಒಳಗೆ ಹೋದ ಬೆಳಕೆಲ್ಲ ಅಲ್ಲಿಯೇ ಇಂಗಿಹೋಗುವುದೆಂದು ಅವರ ಎಣಿಕೆ. ನಿಜಸ್ಥಿತಿ ಬೇರೆ. ಒಳಗೆ ಹೊಕ್ಕ ಬೆಳಕಿನಲ್ಲಿ ಒಂದು ಪಾಲು ಹಿಂದಿರುಗಿ ಬರುತ್ತದೆ. ಆದರೆ ಕಣ್ಣಿನ ಮಸೂರದ ಕಟ್ಟಿಗೆ ಒಳಪಟ್ಟು, ಹೋದ ದಾರಿಯಲ್ಲಿಯೇ, ಹೊರಟ ದೀಪದೆಡೆಗೇ ಬರುತ್ತದೆ. ಅದನ್ನು ಕಾಣಬೇಕಾದರೆ ನೋಡುವವನು ತನ್ನ ಕಣ್ಣನ್ನು ದೀಪವಿದ್ದಲ್ಲಿಯೇ ಇಡಬೇಕು. ಅಲ್ಲಿ ತಲೆಯಿಟ್ಟರೆ ದೀಪ ಮರೆಯಾಗುತ್ತದೆ. ಸಂಜೆಯ ಹೊತ್ತು ಅಕ್ಕಿ ಆರಿಸುತ್ತಿರುವ ತಾಯಿ, ಬಾಗಿಲಲ್ಲಿ ಬಂದು ನಿಂತ ಮಗನಿಗೆ “ಬೆಳಕಿಗೆ ಅಡ್ಡ ನಿಲ್ಲಬೇಡ, ಅತ್ತ ಸರಿ” ಎನ್ನುವುದನ್ನು ನಾವೆಲ್ಲರೂ ಕೇಳಿದವರೇ. ಕಣ್ಣಿನ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಅಡ್ಡ ನಿಂತರೆ ಬೆಳಕಿಲ್ಲ. ಅತ್ತ ಸರಿದರೆ ನೋಟವೇ ಇಲ್ಲ. ನೋಡುವವನೇ ನೋಟಕ್ಕೆ ವಿಘ್ನ. ಮುಂದಿನ ಮುನ್ನೂರು ವರ್ಷಗಳ ಕಥೆಯಲ್ಲಿ ಈ ವಿಘ್ನವು ವೇಷ ಬದಲಿಸಿ ಬದಲಿಸಿ ಬರುವುದನ್ನು ಕಾಣುತ್ತೇವೆ.

ಬೆಕ್ಕಿನ ಕಣ್ಣು ಮಾತ್ರ ಕತ್ತಲೆಯಲ್ಲಿ ಹೊಳೆಯುತ್ತದೆ. 1704ರಲ್ಲಿ ಪ್ಯಾರಿಸ್ಸಿನ ಜಾನ್ ಮೇರಿ ಎಂಬ ಅಂಗರಚನಾಶಾಸ್ತ್ರಜ್ಞನು ಒಂದು ಬೆಕ್ಕನ್ನು ನೀರಿನಲ್ಲಿ ಮುಳುಗಿಸಿದಾಗ ಅದರ ಕಣ್ಣಿನ ತಳ ರಕ್ತನಾಳಗಳ ಸಮೇತ ಅವನಿಗೆ ಕಾಣಿಸಿತು. ಐದು ವರ್ಷಗಳ ಬಳಿಕ ಲ ಈರ್ ಎಂಬ ವಿದ್ವಾಂಸನು ಇದರ ಕಾರಣವನ್ನು ಹೇಳಿದನು: ನೀರು ತಗುಲಿದಾಗ ಕಣ್ಣಿನ ಮುಂಭಾಗವು ಬೆಳಕನ್ನು ಬಾಗಿಸುವ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಆಗ ಕಿರಣಗಳು ಚದುರಿ ಹೊರಬೀಳುತ್ತವೆ. ಹೊಳಪು ಬೆಕ್ಕಿನ ಸ್ವಂತದ್ದಲ್ಲ, ಹೊರಗಿನ ಬೆಳಕಿನ ಪ್ರತಿಫಲನ, ಸಂಪೂರ್ಣ ಕತ್ತಲೆಯಲ್ಲಿ ಅದು ಇರುವುದಿಲ್ಲ ಎಂದು ಪ್ರೆವೋ ಎಂಬಾತನು 1810ರಲ್ಲಿ ತೋರಿಸಿಕೊಟ್ಟನು. 1823ರಲ್ಲಿ ಬ್ರೆಸ್ಲಾವಿನ ಪ್ರಾಧ್ಯಾಪಕ ಪುರ್ಕಿನ್ಯೆಯು ತನ್ನ ಕನ್ನಡಕದ ಗಾಜಿನಿಂದ ಮೇಣದ ಬತ್ತಿಯ ಬೆಳಕನ್ನು ನಾಯಿಯ ಕಣ್ಣಿಗೂ ಆಮೇಲೆ ಮನುಷ್ಯನ ಕಣ್ಣಿಗೂ ಹಾಯಿಸಿ, ಪಾಪೆ ಬೆಳಗುವುದನ್ನು ಕಂಡು, ಲ್ಯಾಟಿನ್ ಪ್ರಬಂಧವೊಂದರಲ್ಲಿ ಬರೆದನು. ಅದನ್ನು ಓದಿ ಮನಸ್ಸಿಗೆ ತಂದುಕೊಂಡವರು ಇರಲಿಲ್ಲ. ಲಂಡನ್ನಿನಲ್ಲಿ ಕಮಿಂಗ್ 1846ರಲ್ಲಿಯೂ, ಬರ್ಲಿನ್ನಿನ ವಿದ್ವಾಂಸರ ಬಳಗದ ಬ್ರ್ಯೂಕೆ 1847ರಲ್ಲಿಯೂ, ದೀಪದ ಪಕ್ಕಕ್ಕೆ ಕಣ್ಣನ್ನು ಬಲು ಹತ್ತಿರ ತಂದರೆ ಎದುರಿನವನ ಪಾಪೆ ಕೆಂಪಗೆ ಹೊಳೆಯುವುದನ್ನು ಕಂಡರು. ಆದರೆ ಅವರು ಕಂಡದ್ದು ಕೆಂಪು ಬೆಳಕನ್ನೇ ಹೊರತು ಒಳಗಿನ ಚಿತ್ರವನ್ನಲ್ಲ.

ಲೆಕ್ಕಹಾಕುವ ಯಂತ್ರದಿಂದ ಪ್ರಸಿದ್ಧನಾದ ಚಾರ್ಲ್ಸ್ ಬ್ಯಾಬೇಜನು ಅದೇ 1847ರಲ್ಲಿ, ಕನ್ನಡಿಯ ರಸವನ್ನು ನಡುವೆ ಕೆರೆದು, ಆ ಕಿಂಡಿಯ ಮೂಲಕ ನೋಡುವ ಒಂದು ಸಾಧನವನ್ನು ಮಾಡಿ ವಾರ್ಟನ್ ಜೋನ್ಸ್ ಎಂಬ ನೇತ್ರವೈದ್ಯನಿಗೆ ತೋರಿಸಿದನು. ಯುಕ್ತಿ ಸರಿಯಾಗಿಯೇ ಇತ್ತು. ವೈದ್ಯನು ಅದನ್ನು ಮುಂದುವರಿಸದೆ ಬಿಟ್ಟನು; ಜಗತ್ತಿಗೆ ಅದರ ಸುದ್ದಿ ತಿಳಿದದ್ದು 1854ರಲ್ಲಿ, ಬೇರೊಬ್ಬನಿಗೆ ಕೀರ್ತಿ ಸಂದುಹೋದ ಮೇಲೆ.

ಆ ಬೇರೊಬ್ಬನು ಹರ್ಮನ್ ಹೆಲ್ಮ್‌ಹೋಲ್ಟ್ಸ್. 1850ರಲ್ಲಿ ಅವನಿಗೆ ಇಪ್ಪತ್ತೊಂಬತ್ತು ವರ್ಷ. ಪ್ರಷ್ಯದ ಕ್ಯೋನಿಗ್ಸ್‌ಬರ್ಗಿನಲ್ಲಿ ಶರೀರವಿಜ್ಞಾನದ ಪ್ರಾಧ್ಯಾಪಕನಾಗಿದ್ದನು. ನಮ್ಮಂತಹ ಪಾಠ ಹೇಳುವವರಿಗೆ ಈ ಭಾಗ ವಿಶೇಷವಾಗಿ ಪ್ರಿಯವಾದುದು; ಏಕೆಂದರೆ ಅವನು ಹೊರಟದ್ದು ರೋಗ ಗುಣಪಡಿಸುವುದಕ್ಕಲ್ಲ, ತರಗತಿಯಲ್ಲಿ ಪಾಠ ಹೇಳುವುದಕ್ಕೆ. ಕಣ್ಣಿನ ಹೊಳಪಿನ ಬಗ್ಗೆ ಬ್ರ್ಯೂಕೆಯು ಕೊಟ್ಟಿದ್ದ ವಿವರಣೆಯನ್ನು ವಿದ್ಯಾರ್ಥಿಗಳಿಗೆ ತಿಳಿಯಪಡಿಸಲು ಸಿದ್ಧತೆ ಮಾಡಿಕೊಳ್ಳುತ್ತಿದ್ದಾಗ ಅವನಿಗೊಂದು ಪ್ರಶ್ನೆ ಹೊಳೆಯಿತು: ಹಿಂದಿರುಗಿ ಬರುವ ಈ ಕಿರಣಗಳು ಎಲ್ಲಿ ಸೇರಿ ಯಾವ ಚಿತ್ರವನ್ನು ಮೂಡಿಸುತ್ತವೆ? ಬ್ರ್ಯೂಕೆಯು ಕೂದಲೆಳೆಯಷ್ಟು ದೂರದಲ್ಲಿದ್ದನು, ಈ ಪ್ರಶ್ನೆಯೊಂದನ್ನು ಕೇಳಿಕೊಳ್ಳದೆ ಹೋದನು ಎಂಬುದಾಗಿ ಹೆಲ್ಮ್‌ಹೋಲ್ಟ್ಸನು ಮುಪ್ಪಿನಲ್ಲಿ ನೆನೆದುಕೊಂಡಿದ್ದಾನೆ.

ಪ್ರಶ್ನೆ ಬಂದ ಮೇಲೆ ಉತ್ತರಕ್ಕೆ ಬೇಕಾದ ಸಾಮಗ್ರಿ ಅತ್ಯಲ್ಪ. ದಪ್ಪಕಾಗದ, ಅಂಟು, ಕನ್ನಡಕದ ಗಾಜು, ಸೂಕ್ಷ್ಮದರ್ಶಕದಲ್ಲಿ ಬಳಸುವ ತೆಳ್ಳನೆಯ ಗಾಜಿನ ಬಿಲ್ಲೆಗಳು, ಇಷ್ಟೇ. ದೀಪವನ್ನು ಪಕ್ಕದಲ್ಲಿಟ್ಟು, ಗಾಜಿನ ಬಿಲ್ಲೆಗಳನ್ನು ಓರೆಯಾಗಿ ನಿಲ್ಲಿಸಿದನು. ಗಾಜು ಬೆಳಕಿನ ಒಂದು ಪಾಲನ್ನು ರೋಗಿಯ ಕಣ್ಣಿಗೆ ತಿರುಗಿಸಿತು. ಒಳಗಿನಿಂದ ಬಂದ ಬೆಳಕಿನ ಒಂದು ಪಾಲು ಅದೇ ಗಾಜನ್ನು ತೂರಿಕೊಂಡು ನೋಡುವವನ ಕಣ್ಣಿಗೆ ಬಂತು. ನಡುವೆ ಒಂದು ನಿಮ್ನ ಮಸೂರವನ್ನಿಟ್ಟೊಡನೆ ಚಿತ್ರ ಸ್ಪಷ್ಟವಾಯಿತು. ಅಡ್ಡ ನಿಂತೂ ಅಡ್ಡವಾಗದಿರುವ ಉಪಾಯ ಇದು. ಸುಮಾರು ಎಂಟು ದಿನಗಳ ಪ್ರಯತ್ನದ ಬಳಿಕ ಜೀವಂತ ಮನುಷ್ಯನ ಅಕ್ಷಿಪಟಲವನ್ನು ಸ್ಪಷ್ಟವಾಗಿ ಕಂಡ ಮೊದಲಿಗನೆಂಬ ಸಂತೋಷ ಅವನದಾಯಿತು. 1850ನೆಯ ಡಿಸೆಂಬರ್ 6ರಂದು ಬರ್ಲಿನ್ನಿನ ಭೌತಶಾಸ್ತ್ರ ಸಂಘಕ್ಕೆ ಈ ವಿಷಯವನ್ನು ತಿಳಿಸಲಾಯಿತು; ಮರುವರ್ಷ ಒಂದು ಸಣ್ಣ ಪುಸ್ತಕ ಹೊರಬಂತು. ಕ್ಯೋನಿಗ್ಸ್‌ಬರ್ಗಿನ ರೆಕೋಸ್ ಎಂಬ ಉಪಕರಣ ತಯಾರಕನು ಬೇರೆ ಬೇರೆ ಮಸೂರಗಳನ್ನು ಕೂಡಿಸಿದ ತಿರುಗುಬಿಲ್ಲೆಯನ್ನು ಇದಕ್ಕೆ ಜೋಡಿಸಿಕೊಟ್ಟನು. 1852ರಲ್ಲಿ ರೂಟೆ ಎಂಬ ವೈದ್ಯನು ನಡುವೆ ರಂಧ್ರವಿರುವ ನಿಮ್ನದರ್ಪಣವನ್ನೂ, ರೋಗಿಯ ಕಣ್ಣಿನ ಮುಂದೆ ಹಿಡಿಯುವ ಪೀನ ಮಸೂರವನ್ನೂ ಬಳಕೆಗೆ ತಂದನು. ಅದರಲ್ಲಿ ಚಿತ್ರ ತಲೆಕೆಳಗಾಗಿ ಕಾಣುತ್ತದೆ, ಚಿಕ್ಕದಾಗಿಯೂ ಕಾಣುತ್ತದೆ. ಆದರೆ ಹರವು ಹೆಚ್ಚು. ಈ ಎರಡು ಬಗೆಗಳ ಭೇದ ಮುಂದೆ ಬೇಕಾಗುತ್ತದೆ.

ಇದಕ್ಕೆ ಮುಂಚೆ, ಹೊರಗೆ ಏನೂ ದೋಷವಿಲ್ಲದೆ ದೃಷ್ಟಿ ಹೋದ ಕಣ್ಣನ್ನು ಕುರಿತು ಜರ್ಮನಿಯ ವೈದ್ಯರಲ್ಲಿ ಒಂದು ಕಹಿಹಾಸ್ಯ ಪ್ರಚಾರದಲ್ಲಿತ್ತು: ಆ ರೋಗದಲ್ಲಿ ರೋಗಿಗೂ ಏನೂ ಕಾಣದು, ವೈದ್ಯನಿಗೂ ಏನೂ ಕಾಣದು ಎಂದು. ಹೊಸ ಸಾಧನ ಬಂದ ಮೇಲೆ ಬರ್ಲಿನ್ನಿನ ಫಾನ್ ಗ್ರೇಫೆಯಂತಹ ತರುಣರು ಹಿರಿಹಿರಿ ಹಿಗ್ಗಿದರು. ಎಲ್ಲರೂ ಹಿಗ್ಗಲಿಲ್ಲ. ಒಬ್ಬ ಶಸ್ತ್ರವೈದ್ಯನು, ರೋಗಗ್ರಸ್ತವಾದ ಕಣ್ಣಿನೊಳಕ್ಕೆ ಬರಿಯ ಬೆಳಕನ್ನು ಬಿಡುವುದು ಅಪಾಯವೆಂದು ಅದನ್ನು ಮುಟ್ಟಲು ಒಪ್ಪಲಿಲ್ಲ. ಇನ್ನೊಬ್ಬನು, ಕಣ್ಣು ಮಂದವಾದ ವೈದ್ಯರಿಗೆ ಅದು ಬೇಕಾದೀತು, ತನ್ನ ಕಣ್ಣು ಚೆನ್ನಾಗಿದೆ ಎಂದನು. ಹೆಲ್ಮ್‌ಹೋಲ್ಟ್ಸನು ಇಬ್ಬರನ್ನೂ ನಗುನಗುತ್ತ ಸ್ಮರಿಸಿದ್ದಾನೆ. ಎರಡನೆಯವನನ್ನು ಮರೆಯಬಹುದು. ಮೊದಲನೆಯವನನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಂಡಿರಬೇಕು.

ಕಂಡ ಮಾತ್ರಕ್ಕೆ ಗುಣಪಡಿಸಿದಂತಾಗಲಿಲ್ಲ. ನಮ್ಮ ಮಿತ್ರರಿಗೆ ಬಂದ ರೋಗವನ್ನೇ ತೆಗೆದುಕೊಳ್ಳೋಣ. ಕಳಚಿದ ಅಕ್ಷಿಪಟಲವು ಗಾಳಿಗೆ ಅಲೆಯುವ ಪರದೆಯಂತೆ ತೂಗಾಡುವುದನ್ನು ವೈದ್ಯರು ಎಪ್ಪತ್ತು ವರ್ಷ ಕಾಲ ನೋಡಿದರು, ಬಣ್ಣದಲ್ಲಿ ಅಂದವಾಗಿ ಚಿತ್ರಿಸಿದರು, ಪುಸ್ತಕಗಳಲ್ಲಿ ಅಚ್ಚುಹಾಕಿಸಿದರು. ರೋಗಿಯನ್ನು ಮಾತ್ರ ಹಾಸಿಗೆಯಲ್ಲಿ ವಾರಗಟ್ಟಲೆ ಮಲಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಕೊನೆಗೆ ಕುರುಡನನ್ನಾಗಿ ಮನೆಗೆ ಕಳುಹಿಸಿದರು. ಪಟಲದಲ್ಲಿ ಹರಕು ಇರುವುದು ಕೆಲವರ ಕಣ್ಣಿಗೆ ಬಿದ್ದಿತ್ತು. ಲೇಬರ್ ಎಂಬ ಪಂಡಿತನು 1882ರಲ್ಲಿಯೇ ಅದನ್ನು ಹೇಳಿದ್ದನು. ಆದರೆ ಹರಕು ರೋಗದ ಕಾರಣವೋ ಪರಿಣಾಮವೋ ಎಂಬಲ್ಲಿ ವಾದ ನಿಂತುಹೋಗಿತ್ತು.

ಸ್ವಿಟ್ಸರ್ಲೆಂಡಿನ ಲೊಸಾನ್ ನಗರದ ಜೂಲ್ ಗೊನಾನ್ ಎಂಬ ವೈದ್ಯನು ಹರಕೇ ಕಾರಣವೆಂದು ಹಿಡಿದನು. ಕಣ್ಣಿನ ಒಳಗನ್ನು ತುಂಬಿರುವ, ಮೊಟ್ಟೆಯ ಬಿಳಿಯಂತೆ ತಿಳಿಯಾದ ಲೋಳೆಯನ್ನು ಕಾಚರಸವೆಂದು ಕರೆಯೋಣ. ಅದು ವಯಸ್ಸಾದಂತೆ ಕುಗ್ಗಿ, ತಾನು ಅಂಟಿಕೊಂಡಿದ್ದ ಪಟಲವನ್ನು ಎಳೆದು ಹರಿಯುತ್ತದೆ. ಆ ಹರಕಿನ ಮೂಲಕ ನೀರು ಪಟಲದ ಹಿಂದೆ ನುಗ್ಗಿ ಅದನ್ನು ಗೋಡೆಯಿಂದ ಎಬ್ಬಿಸುತ್ತದೆ. ಹಾಗಾದರೆ ಹರಕನ್ನು ಮುಚ್ಚಿದರೆ ಸಾಕು. ಮಾತು ಸುಲಭ, ಮಾಡುವುದು? ಹರಕು ಕಾಣುವುದು ಪಾಪೆಯ ಮೂಲಕ, ಒಳಗಿನಿಂದ. ಕಾದ ಸಲಾಕೆಯನ್ನು ತಗುಲಿಸಬೇಕಾದುದು ಹೊರಗಿನಿಂದ, ಏನೂ ಕಾಣದ ಬಿಳಿಯ ಗೋಡೆಯ ಮೇಲೆ. ಆದುದರಿಂದ ಗೊನಾನನು ಕತ್ತಲೆಯ ಕೋಣೆಯಲ್ಲಿ ರೋಗಿಯ ಮುಂದೆ ಗಂಟೆಗಟ್ಟಲೆ ಕುಳಿತು, ಅಕ್ಷಿಪಟಲವನ್ನು ಭೂಪಟದಂತೆ ಬರೆದುಕೊಂಡನು. ಹರಕು ಯಾವ ದಿಕ್ಕಿನಲ್ಲಿದೆ, ಕಪ್ಪುಗುಡ್ಡೆಯ ಅಂಚಿನಿಂದ ಎಷ್ಟು ಮಿಲಿಮೀಟರು ಎಂದು ಲೆಕ್ಕಹಾಕಿದನು. ಬಳಿಕ ಬಿಳಿಗೋಡೆಯ ಆ ಒಂದು ಬಿಂದುವನ್ನು ಛೇದಿಸಿ ಸುಟ್ಟನು. ಲೆಕ್ಕ ಎರಡು ಮಿಲಿಮೀಟರು ತಪ್ಪಿದರೆ ಶ್ರಮವೆಲ್ಲ ವ್ಯರ್ಥ.

ಮೊದಲನೆಯ ಮಹಾಯುದ್ಧದ ವರ್ಷಗಳಿಂದ ಅವನು ಈ ಕೆಲಸದಲ್ಲಿದ್ದರೂ ಹೊರಗಿನವರು ನಂಬಲಿಲ್ಲ. ಅವನಂತೆ ಹರಕನ್ನು ಹುಡುಕುವ ತಾಳ್ಮೆಯಿಲ್ಲದವರು ಹರಕೇ ಇಲ್ಲವೆಂದರು. 1929ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಲನದಲ್ಲಿ ಅವನ ಪಕ್ಷ ಗೆದ್ದಿತು. ಅದುವರೆಗೆ ಬಹುಮಟ್ಟಿಗೆ ಎಲ್ಲರೂ ಕುರುಡಾಗುತ್ತಿದ್ದ ರೋಗದಲ್ಲಿ ಸುಮಾರು ಅರ್ಧದಷ್ಟು ಜನ ದೃಷ್ಟಿಯನ್ನು ಉಳಿಸಿಕೊಳ್ಳುವಂತಾಯಿತು. ಗೊನಾನನು 1935ರಲ್ಲಿ ತೀರಿಕೊಂಡನು. ಈ ಕಥೆಯಲ್ಲೆಲ್ಲ ನಮ್ಮ ಮನಸ್ಸು ಹೆಚ್ಚು ಒಲಿಯುವುದು ಇವನ ಕಡೆಗೇ. ಹೊಸ ಸಾಧನ ಇವನಲ್ಲಿರಲಿಲ್ಲ. ಉಳಿದವರ ಕೈಯಲ್ಲಿದ್ದ ಸಾಧನವೇ ಇವನ ಕೈಯಲ್ಲಿಯೂ ಇತ್ತು. ಎದ್ದು ಹೋಗದೆ ಕುಳಿತು ನೋಡಿದವನು ಇವನೊಬ್ಬನು.

ಉಳಿದ ಅರ್ಧದಷ್ಟು ಜನ ಏಕೆ ಕುರುಡಾದರು? ಹಲವರ ಹರಕು ಕಣ್ಣಿನ ಅಂಚಿನಲ್ಲಿ, ನೋಟಕ್ಕೆ ಎಟುಕದ ಕಡೆ ಇತ್ತು. ಕೈಯಲ್ಲಿ ಹಿಡಿದು ನೇರವಾಗಿ ನೋಡುವ ದರ್ಶಕವು ಹದಿನೈದು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಆದರೆ ಬೀಗದ ಕಿಂಡಿಯಿಂದ ದೇವಸ್ಥಾನವನ್ನು ನೋಡಿದಂತೆ. ಇದನ್ನು ಬಿಡಿಸಿದವನು ಬೆಲ್ಜಿಯಮ್ಮಿನ ಚಾರ್ಲ್ಸ್ ಸ್ಕೆಪೆನ್ಸ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಕಣ್ಣಿಗೆ ಮಣ್ಣೆರಚಿ, ಫ್ರಾನ್ಸಿನ ಪಿರನೀಸ್ ಪರ್ವತಗಳ ಮಡಿಲಲ್ಲಿ ಮರದ ವ್ಯಾಪಾರಿಯ ವೇಷದಿಂದ ಬದುಕುತ್ತ, ನೂರಕ್ಕೂ ಹೆಚ್ಚು ಮಂದಿಯನ್ನು ಗುಟ್ಟಾಗಿ ಸ್ಪೇನಿಗೆ ದಾಟಿಸಿದ ಸಾಹಸಿ. ತಾನೂ ತಪ್ಪಿಸಿಕೊಂಡು ಲಂಡನ್ನನ್ನು ಸೇರಿ, ಬಾಂಬುಗಳಿಂದ ಹಾಳಾದ ಆ ನಗರದಲ್ಲಿ ಸಿಕ್ಕ ಚೂರುಪಾರುಗಳಿಂದಲೇ 1945ರ ಹೊತ್ತಿಗೆ ಹೊಸ ದರ್ಶಕವೊಂದನ್ನು ಕಟ್ಟಿದನು. ಎರಡು ಕಣ್ಣಿನಿಂದಲೂ ನೋಡುವ ದರ್ಶಕವನ್ನು ಫ್ರಾನ್ಸಿನ ಜಿರೋ-ತುಲೋನ್ 1861ರಲ್ಲಿಯೇ ಮಾಡಿದ್ದುಂಟು. ಸ್ಕೆಪೆನ್ಸನು ಅದನ್ನು ದೀಪದೊಡನೆ ತಲೆಗೆ ಕಟ್ಟಿದನು. ಕೈ ಎರಡೂ ಬಿಡುವಾದುವು: ಒಂದರಲ್ಲಿ ಮಸೂರ, ಇನ್ನೊಂದರಿಂದ ಕಣ್ಣುಗುಡ್ಡೆಯನ್ನು ಹೊರಗಿನಿಂದ ಮೆಲ್ಲಗೆ ಅದುಮಿ ಒಳಗಿನ ಅಂಚನ್ನು ನೋಟಕ್ಕೆ ತರುವುದು. ಎರಡು ಕಣ್ಣಿನ ನೋಟದಿಂದ ಆಳವೂ ತಿಳಿಯಿತು. ಚಿತ್ರ ತಲೆಕೆಳಗಾದುದೇ. ಅದಕ್ಕೆ ಹೊಂದಿಕೊಳ್ಳಲು ವೈದ್ಯರು ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕಾಯಿತು.

ಇಷ್ಟಾದರೂ ಕಣ್ಣಿನ ಒಳಹೊಕ್ಕು ಕೆಲಸ ಮಾಡಬಹುದೆಂದು ಯಾರೂ ಎಣಿಸಿರಲಿಲ್ಲ. ಕಾಚರಸವನ್ನು ಮುಟ್ಟಿದರೆ ಕಣ್ಣು ಕೆಟ್ಟಿತೆಂದೇ ಗುರುಗಳು ಶಿಷ್ಯರಿಗೆ ಹೇಳಿಕೊಡುತ್ತಿದ್ದರು. ಸಕ್ಕರೆ ರೋಗದಿಂದ ಆ ರಸದಲ್ಲಿ ರಕ್ತ ತುಂಬಿಕೊಂಡರೆ, ಒಳಗಿನಿಂದ ರೋಗಿಗೂ ಕತ್ತಲೆ, ಹೊರಗಿನಿಂದ ವೈದ್ಯನಿಗೂ ಕತ್ತಲೆ. 1960ರ ದಶಕದಲ್ಲಿ ಅಮೆರಿಕದ ಡೇವಿಡ್ ಕಾಸ್ನರ್ ಎಂಬಾತನು ಕಣ್ಣಿನ ಮುಂಭಾಗವನ್ನೇ ತೆರೆದು ರಸವನ್ನು ತೆಗೆದರೂ ಕಣ್ಣು ಬದುಕುವುದೆಂದು ತೋರಿಸಿದನು. ಅವನ ನಗರವಾದ ಮಯಾಮಿಯಲ್ಲಿಯೇ ರಾಬರ್ಟ್ ಮಾಖೆಮರ್ ಎಂಬ ಜರ್ಮನ್ ವೈದ್ಯನು, ಕಣ್ಣನ್ನು ತೆರೆಯದೆ ಸಣ್ಣ ರಂಧ್ರದಿಂದ ರಸವನ್ನು ಕತ್ತರಿಸಿ ಹೀರಿ, ಹೀರಿದಷ್ಟೇ ಉಪ್ಪುನೀರನ್ನು ತುಂಬುವ ಕೊಳವೆಯೊಂದನ್ನು ಮಾಡಿದನು. ಮೊದಲ ಪ್ರಯೋಗಗಳು ನಡೆದದ್ದು ಕೋಳಿಮೊಟ್ಟೆಯ ಬಿಳಿಯ ಮೇಲೆ. 1970ರ ಏಪ್ರಿಲಿನಲ್ಲಿ ಮನುಷ್ಯನ ಕಣ್ಣಿನಲ್ಲಿ ಅದನ್ನು ಬಳಸಿದನು. ನೋಟಕ್ಕೆ ಮೇಜಿನ ಮೇಲೆ ಸೂಕ್ಷ್ಮದರ್ಶಕ, ಕಣ್ಣಿನ ಮೇಲೆ ಚಪ್ಪಟೆಯ ಮಸೂರ. ಬೆಳಕಿಗೆ, ಸ್ವಲ್ಪ ಕಾಲದಲ್ಲಿಯೇ, ಕಣ್ಣಿನೊಳಕ್ಕೇ ತೂರಿಸುವ ಗಾಜಿನೆಳೆ. ಹೆಲ್ಮ್‌ಹೋಲ್ಟ್ಸನನ್ನು ಕಾಡಿದ ಪ್ರಶ್ನೆಯನ್ನೇ ಇದು ಪಕ್ಕಕ್ಕೆ ತಳ್ಳಿತು: ದೀಪವನ್ನೇ ಕೋಣೆಯೊಳಗೆ ಕೊಂಡೊಯ್ದರೆ ಬಾಗಿಲಲ್ಲಿ ನಿಲ್ಲುವವನ ನೆರಳು ಬೀಳುವುದೆಲ್ಲಿ? 1987ರಲ್ಲಿ ಷ್ಪಿಟ್ಸ್ನಾಸ್ ಎಂಬ ಜರ್ಮನ್ ವೈದ್ಯನು ಕಣ್ಣನ್ನು ಮುಟ್ಟದೆಯೇ ಅಕ್ಷಿಪಟಲದ ವಿಶಾಲ ಹರವನ್ನು ತೋರಿಸುವ ಮಸೂರವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿದನು. ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ನಿಲ್ಲಿಸುವ ಪಟ್ಟಕಗಳೂ ಅದರೊಡನೆ ಬಂದುವು.

ದೀಪ ಹತ್ತಿರವಾದಂತೆ, ಹಿಂದೆ ನೆನಪಿನಲ್ಲಿಡಿ ಎಂದು ನಾವು ಹೇಳಿದ ಆ ಅಂಜುಬುರುಕ ವೈದ್ಯನ ಮಾತಿಗೆ ಜೀವ ಬಂತು. ಸೂಕ್ಷ್ಮದರ್ಶಕದ ಪ್ರಖರ ಬೆಳಕು ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಅಕ್ಷಿಪಟಲವನ್ನು ಸುಟ್ಟ ಪ್ರಸಂಗಗಳು 1983ರಲ್ಲಿ ವರದಿಯಾದುವು. ಎಣ್ಣೆದೀಪದ ಕಾಲದಲ್ಲಿ ಅವನ ಭಯ ಹಾಸ್ಯಾಸ್ಪದವೇ ಆಗಿತ್ತು. ನೂರ ಮೂವತ್ತು ವರ್ಷಗಳ ಬಳಿಕ ಅದು ಹಾಸ್ಯವಾಗಿ ಉಳಿಯಲಿಲ್ಲ. ಹೆಚ್ಚು ಬೆಳಕೆಂದರೆ ಹೆಚ್ಚು ನೋಟವೆಂಬ ಲೆಕ್ಕ ಅಲ್ಲಿಗೆ ಮುರಿಯಿತು. ಕಡಮೆ ಬೆಳಕಿನಲ್ಲಿಯೇ ಚೆನ್ನಾಗಿ ಕಾಣುವುದು ಹೇಗೆಂದು ಹುಡುಕಬೇಕಾಯಿತು.

ಇಷ್ಟು ಹೊತ್ತಿಗೆ ಇನ್ನೊಂದು ಕಷ್ಟ ಎದುರಾಗಿತ್ತು. ವೈದ್ಯರು ತೆಗೆಯಬೇಕಾದ ವಸ್ತುವೇ ಪಾರದರ್ಶಕ. ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಬೇಕಾದ ಸೂಕ್ಷ್ಮದೃಷ್ಟಿ ಅಕ್ಷಿಪಟಲದ ನಟ್ಟನಡುವಿನ ಒಂದು ಸಣ್ಣ ತಾಣದಲ್ಲಿದೆ. ಅಲ್ಲಿ ರಂಧ್ರವಾದರೆ ಮಾಡುವುದೇನೂ ಇಲ್ಲವೆಂಬ ನಂಬಿಕೆಯಿತ್ತು. 1991ರಲ್ಲಿ ಅಮೆರಿಕದ ಕೆಲ್ಲಿ ಮತ್ತು ವೆಂಡೆಲ್ ಎಂಬವರು 52 ಕಣ್ಣುಗಳಿಗೆ ಶಸ್ತ್ರಕ್ರಿಯೆ ಮಾಡಿ 30ರಲ್ಲಿ ರಂಧ್ರ ಮುಚ್ಚಿದುದನ್ನು ವರದಿಮಾಡಿದರು. ಪಟಲದ ಒಳಮೈಗೆ ಅಂಟಿರುವ ಅತ್ಯಂತ ತೆಳುವಾದ ಪೊರೆಯೊಂದನ್ನು ಸುಲಿದರೆ ಫಲ ಇನ್ನೂ ಹೆಚ್ಚೆಂದು ಮುಂದೆ ತಿಳಿಯಿತು. ಆ ಪೊರೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ನಮ್ಮ ತಲೆಗೂದಲಿನ ಇಪ್ಪತ್ತನೆಯ ಒಂದು ಪಾಲಿಗೂ ಕಡಮೆ. ಈರುಳ್ಳಿಯ ಎಸಳುಗಳ ನಡುವಣ ತಿಳಿಪೊರೆಯನ್ನು ಶ್ರೋತೃಗಳು ನೋಡಿರಬಹುದು. ಇದರ ಮುಂದೆ ಅದು ಕಂಬಳಿ. ಇದನ್ನು ಒದ್ದೆಯಾದ, ನಡುಗುವ, ಜೀವವಿರುವ ಪಟಲದ ಮೇಲಿಂದ ಚಿಮಟದಲ್ಲಿ ಹಿಡಿದೆತ್ತಬೇಕು. ಕಾಣದಿದ್ದರೆ ಪೊರೆಯ ಬದಲು ಪಟಲವೇ ಚಿಮಟದಲ್ಲಿ ಬರುತ್ತದೆ.

ಕಾಣದುದಕ್ಕೆ ಬಣ್ಣ ಹಾಕೋಣವೆಂದರು. 2000ದಲ್ಲಿ ಜಪಾನಿನ ವೈದ್ಯರು ಇಂಡೋಸಯನಿನ್ ಗ್ರೀನ್ ಎಂಬ ಹಸಿರು ಬಣ್ಣವನ್ನು ಬಳಸಿ ಪೊರೆಯನ್ನು ಸ್ಪಷ್ಟವಾಗಿ ಕಂಡುದಾಗಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ಪೇಮನ್ ಎಂಬಾತನು ಟ್ರಯಾಮ್ಸಿನೊಲೋನ್ ಔಷಧದ ಬಿಳಿಯ ಕಣಗಳನ್ನು ಚೆಲ್ಲಿ, ಉಳಿದುಕೊಂಡ ಕಾಚರಸದ ಎಳೆಗಳನ್ನು ಕಾಣುವಂತೆ ಮಾಡಿದನು. ಜೇಡನ ಬಲೆಯ ಮೇಲೆ ಹಿಟ್ಟು ಉದುರಿಸಿದ ಹಾಗೆ. ಹಸಿರು ಬಣ್ಣದ ಸಂತೋಷ ಬಹುಕಾಲ ನಿಲ್ಲಲಿಲ್ಲ. ಕಾಣಿಸುವ ಆ ಬಣ್ಣವೇ ಅಕ್ಷಿಪಟಲಕ್ಕೆ ವಿಷವಾಗಬಹುದೆಂಬ ವರದಿಗಳು ಬಂದುವು. 2006ರಲ್ಲಿ ಜಪಾನಿನವರೇ ಬ್ರಿಲಿಯಂಟ್ ಬ್ಲೂ ಎಂಬ ನೀಲಿಯನ್ನು ಮುಂದಿಟ್ಟರು. ಅದು ಅಷ್ಟು ಅಪಾಯಕರವಲ್ಲವೆಂದು ಕಂಡುಬಂದು ಬಳಕೆಗೆ ಬಂತು. ಈ ನೀಲಿಯ ವಂಶವನ್ನು ಹುಡುಕಿದರೆ ನಗು ಬರುತ್ತದೆ: ಇದು ಮೂಲದಲ್ಲಿ ಉಣ್ಣೆಯ ಬಟ್ಟೆಗೆ ಹಾಕುತ್ತಿದ್ದ ಬಣ್ಣಗಳ ಮನೆತನದ್ದು. ಅಲ್ಲಿಂದ ರಸಾಯನಶಾಲೆಗೆ ಹೋಗಿ ಪ್ರೋಟೀನುಗಳಿಗೆ ಬಣ್ಣ ಕೊಟ್ಟು, ಕೊನೆಗೆ ಕಣ್ಣಿನೊಳಕ್ಕೆ ಬಂತು.

ಬಣ್ಣ ಮೇಲ್ಮೈಯನ್ನು ತೋರಿಸುತ್ತದೆ, ಆಳವನ್ನು ತೋರಿಸದು. ಪೊರೆಯನ್ನು ಸುಲಿದಾಗ ಕೆಳಗಿನ ಪದರಗಳಿಗೆ ಏನಾಯಿತು? ಕಳಚಿದ ಪಟಲ ಕೂತಿತೇ, ಅಥವಾ ಅಡಿಯಲ್ಲಿ ನೀರು ಇನ್ನೂ ನಿಂತಿದೆಯೇ? ಕೆಲ್ಲಿ ಮತ್ತು ವೆಂಡೆಲರ ವರದಿ ಬಂದ ಅದೇ 1991ರಲ್ಲಿ, ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಫುಜಿಮೋಟೋ, ಹುವಾಂಗ್ ಮೊದಲಾದವರು ಬೆಳಕಿನ ಪ್ರತಿಧ್ವನಿಯಿಂದ ಅಕ್ಷಿಪಟಲದ ಪದರಗಳನ್ನು ಕೊಯ್ಯದೆಯೇ ಕೊಯ್ದು ತೋರಿಸುವ ಬಗೆಯನ್ನು ಪ್ರಕಟಿಸಿದರು. ಒಸಿಟಿ ಎಂಬ ಮೂರಕ್ಷರದಿಂದ ಈಗ ಎಲ್ಲ ಕಣ್ಣಾಸ್ಪತ್ರೆಗಳಲ್ಲಿಯೂ ಪರಿಚಿತವಾದದ್ದು ಇದೇ. ಬಾವಿಯಲ್ಲಿ ಕೂಗಿದರೆ ಮರುದನಿ ಬರುವ ಹೊತ್ತಿನಿಂದ ಆಳ ತಿಳಿಯುವಂತೆ, ಒಂದೊಂದು ಪದರದಿಂದಲೂ ಹಿಂದಿರುಗುವ ಬೆಳಕನ್ನು, ಗೊತ್ತಾದ ದೂರ ಹೋಗಿಬಂದ ಇನ್ನೊಂದು ಬೆಳಕಿನೊಡನೆ ಬೆರೆಸಿ ತೂಗುವುದು ಇದರ ಮರ್ಮ.

ಆದರೆ ಈ ಚಿತ್ರ ತೆಗೆಯುತ್ತಿದ್ದುದು ಶಸ್ತ್ರಕ್ರಿಯೆಗೆ ಮುಂಚೆ, ರೋಗಿಯು ಗಲ್ಲವನ್ನು ಆಧಾರದ ಮೇಲಿಟ್ಟು ಕುಳಿತಿದ್ದಾಗ. ಮೇಜಿನ ಮೇಲೆ ಚಿಮಟ ತಗುಲಿದ ಕ್ಷಣದಿಂದ ಪಟಲದ ಆಕಾರ ಬೇರೆ. ಯುದ್ಧರಂಗದಲ್ಲಿ ನಿನ್ನೆಯ ನಕ್ಷೆ ಹಿಡಿದು ನಿಂತ ಸೇನಾಪತಿಯ ಸ್ಥಿತಿ ಅದು. 2009ರಿಂದೀಚೆಗೆ ಈ ಯಂತ್ರವನ್ನು ಮೊದಲು ಕೈಯಲ್ಲಿ ಹಿಡಿದು, ಆಮೇಲೆ ಸೂಕ್ಷ್ಮದರ್ಶಕದೊಳಗೇ ಅಡಗಿಸಿ, ಶಸ್ತ್ರಕ್ರಿಯೆಯ ನಡುವೆಯೇ ಪದರಗಳ ಚಿತ್ರವನ್ನು ತೋರಿಸಲು ಸಾಧ್ಯವಾಯಿತು. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೂರು ವರ್ಷ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಕಣ್ಣಿನ ಹಿಂಭಾಗದ 593 ಶಸ್ತ್ರಕ್ರಿಯೆಗಳ ಪೈಕಿ 173ರಲ್ಲಿ ಈ ಚಿತ್ರವನ್ನು ಕಂಡು ವೈದ್ಯನು ತನ್ನ ನಿರ್ಧಾರವನ್ನು ಬದಲಿಸಿದನು. ನಿರ್ಧಾರ ಬದಲಾದುದರಿಂದ ರೋಗಿಗೆ ಕೊನೆಗೆ ಎಷ್ಟು ಹೆಚ್ಚು ಕಂಡಿತೆಂಬುದು ಬೇರೆಯ ಮಾತು. ಆ ಪರೀಕ್ಷೆ ಅದನ್ನು ತೀರ್ಮಾನಿಸುವುದಿಲ್ಲ. ಆದರೂ ನುರಿತ ಕಣ್ಣುಗಳು ಮುಗಿಯಿತೆಂದುಕೊಂಡಲ್ಲಿ ಕೆಲಸ ಉಳಿದಿತ್ತು, ಉಳಿದಿದೆ ಎಂದುಕೊಂಡಲ್ಲಿ ಮುಗಿದಿತ್ತು ಎಂಬುದು ಸಣ್ಣ ಸಂಗತಿಯಲ್ಲ.

ನಮ್ಮ ಮಿತ್ರರಿಗೆ ಇದನ್ನೆಲ್ಲ ಹೇಳಿದಾಗ ಅವರು ದಿಂಬಿನೊಳಗಿನಿಂದಲೇ, “ಹಾಗಾದರೆ ಈಗ ಎಲ್ಲವೂ ಕಾಣುತ್ತದೆ ಅನ್ನಿ” ಎಂದರು. ಇಲ್ಲ, ಎನ್ನಬೇಕಾಯಿತು. ಈ ಹೊಸ ಬೆಳಕು ಲೋಹವನ್ನು ತೂರಿ ಹೋಗದು. ವೈದ್ಯನ ಚಿಮಟವು ಲೋಹದ್ದು. ಪೊರೆಯನ್ನು ಹಿಡಿಯಲು ಅದನ್ನು ಇಳಿಸಿದೊಡನೆ, ಚಿತ್ರದಲ್ಲಿ ಅದರ ಅಡಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದ ಆ ಜಾಗದಲ್ಲಿ, ಉದ್ದನೆಯ ಕಪ್ಪು ನೆರಳು ಬೀಳುತ್ತದೆ. ನೆರಳು ಕಡಮೆ ಬೀಳುವ ಬೇರೆ ಪದಾರ್ಥಗಳಿಂದ ಚಿಮಟ ಮಾಡುವ ಪ್ರಯತ್ನಗಳು ನಡೆದಿವೆ. ಸದ್ಯಕ್ಕೆ ವೈದ್ಯರು ಮಾಡುವುದು ಇಷ್ಟು: ಸ್ವಲ್ಪ ಸುಲಿಯುತ್ತಾರೆ, ಕೈಯನ್ನು ತಡೆದು ಚಿಮಟವನ್ನು ಪಕ್ಕಕ್ಕೆ ಸರಿಸುತ್ತಾರೆ, ಪರದೆಯ ಮೇಲೆ ಪದರಗಳನ್ನು ನೋಡುತ್ತಾರೆ, ಮತ್ತೆ ಇಳಿಸುತ್ತಾರೆ.